ಹಾಲುಗೂಸಿನ ಮೂಳೆ ಮುರಿದಾಗ ಮೊದಲ ದಿನವೇ ಕಾರಣ ಬರೆದು ಮುಗಿಸಬೇಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಪೊಲೀಸ್ ಅಧಿಕಾರಿಗಳು ಹಾಗೂ ಮಕ್ಕಳ ಕಲ್ಯಾಣ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವರ್ಷ ತುಂಬದ ಮಗು ಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬಂದಾಗ ದಾರಿ ತಪ್ಪುವುದು ಎರಡು ರೀತಿಯಲ್ಲಿ, ಎರಡೂ ಬಹಳ ಸುಲಭ. ಮುರಿದ ಕಾಲಿಗೆ ಪ್ಲಾಸ್ಟರ್ ಸ್ಲ್ಯಾಬ್ ಹಾಕಿ, ಚೀಟಿಯಲ್ಲಿ ‘ಮಂಚದಿಂದ ಬಿದ್ದದ್ದು’ ಎಂದು ಬರೆದು ಮನೆಗೆ ಕಳಿಸುವುದು ಒಂದು. ‘ಮುರಿತ ತಿರುಚಿದ ಹಾಗಿದೆ’ ಎಂಬ ಒಬ್ಬರ ಮಾತು ಠಾಣೆಗೆ ಮುಟ್ಟಿ, ಸಂಜೆಯೊಳಗೆ ತಾಯಿಯೋ ಅಜ್ಜಿಯೋ ಮೀಯಿಸಲು ಬರುವ ಹೆಂಗಸೋ ಆರೋಪಿಯಾಗುವುದು ಇನ್ನೊಂದು. ಮೊದಲನೆಯದರಲ್ಲಿ, ನಿಜಕ್ಕೂ ಪೆಟ್ಟು ತಿನ್ನುತ್ತಿರುವ ಮಗು ಅದೇ ಕೈಗಳಿಗೆ ಮರಳುತ್ತದೆ. ಎರಡನೆಯದರಲ್ಲಿ, ಮೂಳೆ ರೋಗವಿರುವ ಮಗು ಎದೆಹಾಲು ಬಿಟ್ಟು ತಾಯಿಯಿಂದ ದೂರವಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ.

ನಾವು ಕೇಳುತ್ತಿರುವುದು ಒಂದೇ. ಮುರಿತದ ಕಾರಣವನ್ನು ಮೊದಲ ದಿನದ ಒಂದು ಎಕ್ಸ್‌ರೇ ನೋಡಿ ನಿರ್ಧರಿಸಬೇಡಿ. ಪೂರ್ತಿ ಮೈಯ ಎಕ್ಸ್‌ರೇ, ರಕ್ತ ಪರೀಕ್ಷೆ, ಎರಡು ವಾರದ ನಂತರದ ಮರು ಎಕ್ಸ್‌ರೇ ಇಷ್ಟೂ ಆಗುವ ತನಕ ಕಡತದ ಆ ಸಾಲು ಖಾಲಿ ಇರಲಿ. ಮಗುವಿನ ರಕ್ಷಣೆಗೆ ಮಾತ್ರ ಈ ಕಾಯುವಿಕೆ ಬೇಡ. ಅದು ಮೊದಲ ಗಂಟೆಯಿಂದಲೇ ಶುರುವಾಗಬೇಕು. ಈ ಎರಡನ್ನು ಬೇರ್ಪಡಿಸಲಾಗದೆ ಇರುವುದರಿಂದಲೇ ಬಹುಪಾಲು ಎಡವಟ್ಟು ಆಗುತ್ತಿರುವುದು.

ಎಲ್ಲಕ್ಕಿಂತ ಮೊದಲು ಮಗುವಿಗೆ ಏನೇನು ಮಾಡಲು ಬರುತ್ತದೆ ಎಂದು ನೋಡಬೇಕು. ಕವುಚಿ ಬೀಳಲು ಬಾರದ ಮೂರು ತಿಂಗಳ ಮಗು ಮಲಗಿದಲ್ಲೇ ತೊಡೆಮೂಳೆ ಮುರಿದುಕೊಳ್ಳುವುದಿಲ್ಲ. ಯಾರೋ ಬೀಳಿಸಿರಬೇಕು, ಎಳೆದಿರಬೇಕು, ಇಲ್ಲವೇ ಮೂಳೆಯಲ್ಲೇ ದೋಷ ಇರಬೇಕು. ಕವುಚಿ ಬೀಳುವ ಪ್ರಾಯದಲ್ಲಿ ತೋಳು ಮೈಯಡಿಗೆ ಸಿಕ್ಕಿ, ಅದೇ ಹೊತ್ತಿಗೆ ಯಾರಾದರೂ ಮಗುವನ್ನು ಹೊರಳಿಸಿದರೆ ತೋಳಿನ ಮೂಳೆ ಓರೆಯಾಗಿ ಮುರಿಯಬಹುದು. ಹೀಗಾದದ್ದು ವಿಡಿಯೊದಲ್ಲಿ ದಾಖಲಾಗಿರುವ ಉದಾಹರಣೆ ವೈದ್ಯಕೀಯ ಸಾಹಿತ್ಯದಲ್ಲಿದೆ. ತಿರುಚು ಮುರಿತ ಎಂದರೆ ಹಿಂಸೆಯೇ ಎಂಬುದು ಹಳೆಯ ನಂಬಿಕೆ. ಮೂಳೆ ತಿರುಚುವ ಬಲಕ್ಕೆ ಸಿಕ್ಕಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ತಿರುಚಿದವರು ಯಾರು, ಬೇಕೆಂದೇ ಮಾಡಿದರೇ ಎಂಬುದನ್ನು ಯಾವ ಎಕ್ಸ್‌ರೇಯೂ ಹೇಳಲಾರದು.

ಬೀಳುವುದರಲ್ಲೂ ಬಗೆಗಳಿವೆ. ಅರ್ಧ ಮೀಟರ್ ಎತ್ತರದ ಮಂಚದಿಂದ ಸಿಮೆಂಟು ನೆಲಕ್ಕೆ ಬಿದ್ದ ಮಗುವಿಗೆ ಹೆಚ್ಚಾಗಿ ಆಗುವುದು ತಲೆಯಲ್ಲೊಂದು ಬುಗುಟೆ. ಕೆಲವೊಮ್ಮೆ ಕಾಲರ್ ಬೋನ್, ಕೆಲವೊಮ್ಮೆ ತಲೆಬುರುಡೆಯ ಪಕ್ಕದಲ್ಲಿ ನೇರವಾದ ಒಂದೇ ಒಂದು ಬಿರುಕು. ಅಷ್ಟೇ ಎತ್ತರದಿಂದ ಬಿದ್ದು ನಾಲ್ಕು ಪಕ್ಕೆಲುಬು ಮುರಿಯಿತು ಎಂದರೆ ಕಥೆಗೂ ಪೆಟ್ಟಿಗೂ ತಾಳೆಯಾಗುವುದಿಲ್ಲ. ಮಗುವನ್ನು ಎತ್ತಿಕೊಂಡವರೇ ಜಾರಿ ಬೀಳುವುದು ಬೇರೆಯೇ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ, ಕೆಂಪುಕಲ್ಲಿನ ಮೆಟ್ಟಿಲಲ್ಲಿ, ಬಾವಿಕಟ್ಟೆಯ ಬಳಿ ಪಾಚಿ. ಸೊಂಟದ ಮೇಲೆ ಮಗುವಿಟ್ಟುಕೊಂಡವರು ಜಾರಿದಾಗ ಮಗುವಿನ ಮಂಡಿ ನೆಲಕ್ಕೆ ಬಡಿದು, ಮೇಲಿಂದ ದೊಡ್ಡವರ ಭಾರ ಬೀಳುತ್ತದೆ. ಆಗ ಮಂಡಿಯ ಸ್ವಲ್ಪ ಮೇಲೆ ತೊಡೆಮೂಳೆ ಕುಸಿದು ಉಬ್ಬುತ್ತದೆ. ಆ ಜಾಗದಲ್ಲಿ ಆ ಬಗೆಯ ಮುರಿತ, ಆ ಬಗೆಯ ಕಥೆ ಎರಡೂ ಸೇರಿದರೆ ನಂಬಲು ಅಡ್ಡಿಯಿಲ್ಲ. ತಾಳೆ ನೋಡುವವರು ಸ್ಥಳಕ್ಕೆ ಹೋಗಿ ಮೆಟ್ಟಿಲಿನ ಎತ್ತರ ಅಳೆದರೆ ಇನ್ನೂ ಒಳ್ಳೆಯದು. ಅಳತೆಯ ಟೇಪ್ ಮಹಜರಿನಲ್ಲಿ ಕಾಣುವುದು ಕಡಿಮೆ.

ಇನ್ನು ನಿಜವಾಗಿ ಆತಂಕ ಹುಟ್ಟಿಸಬೇಕಾದ ಮುರಿತಗಳು. ಮೊದಲನೆಯದು ಬೆನ್ನೆಲುಬಿಗೆ ಅಂಟಿಕೊಂಡಿರುವ ಜಾಗದಲ್ಲಿ ಪಕ್ಕೆಲುಬು ಮುರಿಯುವುದು. ಎರಡು ಕೈಯಲ್ಲಿ ಎದೆಗೂಡನ್ನು ಹಿಡಿದು ಹಿಂಡಿದಾಗ ಪಕ್ಕೆಲುಬಿನ ಹಿಂತುದಿ ಕಶೇರುಕದ, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಯ ಪಕ್ಕದ ಚಾಚಿನ ಮೇಲೆ ಒತ್ತಿ, ಮೊಣಕಾಲಿಗೆ ಕೊಟ್ಟು ಕಟ್ಟಿಗೆ ಮುರಿದ ಹಾಗೆ ಮುರಿಯುತ್ತದೆ. ಹೊರಗೆ ಕಲೆ ಇರಬೇಕೆಂದಿಲ್ಲ. ಹೊಸದರಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗುತ್ತದೆ. 10–14 ದಿನ ಕಳೆದು ಅಲ್ಲಿ ಕ್ಯಾಲಸ್, ಅಂದರೆ ಕೂಡುವ ಹೊಸ ಮೂಳೆಯ ಗಂಟು ಮೂಡಿದಾಗ ಎದ್ದು ಕಾಣುತ್ತದೆ. ಉಸಿರು ನಿಂತ ಮಗುವಿಗೆ ಎದೆ ಒತ್ತಿದ್ದರಿಂದ ಹೀಗಾಯಿತು ಎಂಬ ವಾದ ಬರುವುದುಂಟು. ಒತ್ತಿದ್ದರಿಂದ ಮುರಿತ ಆಗುವುದೇ ಅಪರೂಪ, ಆದರೂ ಹೆಚ್ಚಾಗಿ ಮುಂಭಾಗದಲ್ಲಿ.

ಎರಡನೆಯದು ಉದ್ದ ಮೂಳೆಗಳ ತುದಿಯಲ್ಲಿ, ಬೆಳವಣಿಗೆಯ ಫಲಕಕ್ಕೆ ತಾಗಿದ ಎಳೆಯ ಮೂಳೆ ಒಂದು ತೆಳು ಪದರವಾಗಿ ಕಿತ್ತು ಬರುವುದು. ಮಂಡಿ, ಕಾಲಿನ ಹರಡು, ಭುಜ ಇವು ಇದರ ಜಾಗಗಳು. ಒಂದು ಕೋನದಿಂದ ನೋಡಿದರೆ ಮೂಳೆಯ ಮೂಲೆಯಲ್ಲಿ ಸಣ್ಣ ಚೂರು, ಇನ್ನೊಂದು ಕೋನದಿಂದ ಬಕೆಟ್ ಹಿಡಿಯ ಆಕಾರದ ಗೆರೆ. ಕೈಕಾಲು ಹಿಡಿದು ಜಗ್ಗಿದಾಗ, ತಿರುಚಿದಾಗ, ಮಗುವನ್ನು ಹಿಡಿದು ಅಲುಗಿಸಿ ಕೈಕಾಲು ಬೀಸಿದಾಗ ಇದಾಗುತ್ತದೆ. ಮಂಚದಿಂದ ಬಿದ್ದರೆ ಆಗುವಂಥದ್ದಲ್ಲ. ಊತ ಇಲ್ಲದಿರಬಹುದು, ಮಗು ಅಳದೆಯೂ ಇರಬಹುದು, ಹುಡುಕದಿದ್ದರೆ ಸಿಗುವುದೇ ಇಲ್ಲ. ಹೆಗಲ ಹಲಗೆ, ಎದೆಚಿಪ್ಪು, ಬೆನ್ನೆಲುಬಿನ ಹಿಂಬದಿ ಮುಳ್ಳು, ಬೇರೆ ಬೇರೆ ವಯಸ್ಸಿನ ಹಲವು ಮುರಿತಗಳು ಇವೂ ಗಂಭೀರ. ಮಗುವಿನ ಮಿದುಳ ಹೊದಿಕೆಯಡಿ ರಕ್ತ ಹೆಪ್ಪುಗಟ್ಟುವುದಕ್ಕೂ ಉದ್ದ ಮೂಳೆಗಳ ಮುರಿತಕ್ಕೂ ಇರುವ ನಂಟನ್ನು ಜಾನ್ ಕ್ಯಾಫಿ ಎಂಬ ಎಕ್ಸ್‌ರೇ ತಜ್ಞರು 1946ರಲ್ಲೇ ಆರು ಮಕ್ಕಳಲ್ಲಿ ತೋರಿಸಿದರು. 1962ರಲ್ಲಿ ಹೆನ್ರಿ ಕೆಂಪ್ ಮತ್ತು ಜೊತೆಗಾರರು ಪೆಟ್ಟು ತಿಂದ ಮಕ್ಕಳ ಈ ಸ್ಥಿತಿಗೆ ಹೆಸರಿಟ್ಟ ಮೇಲೆ ಜಗತ್ತು ಕಣ್ಣುಬಿಟ್ಟಿತು. ಅದೇ ಕ್ಯಾಫಿಯವರ ಹೆಸರಲ್ಲಿ ಒಂದು ಮೂಳೆ ಕಾಯಿಲೆಯೂ ಇದೆ. ಅದರಲ್ಲಿ ದವಡೆ ಊದಿ, ಮೂಳೆಯ ಹೊರಪೊರೆ ದಪ್ಪವಾಗಿ, ಪೆಟ್ಟು ಬಿದ್ದ ಹಾಗೇ ಕಾಣುತ್ತದೆ. ಈ ವಿಷಯದ ಎರಡು ಮುಖವೂ ಒಬ್ಬರದೇ ಹೆಸರಲ್ಲಿ ಇರುವುದು ವಿಚಿತ್ರ.

ಎಕ್ಸ್‌ರೇ ತೆಗೆಯುವ ಕ್ರಮಕ್ಕೆ ಬರೋಣ. ಹೆಚ್ಚು ಕೆಡುವುದು ಇಲ್ಲೇ. ಮಗುವನ್ನು ಒಂದೇ ಪ್ಲೇಟಿನ ಮೇಲೆ ಮಲಗಿಸಿ ತಲೆಯಿಂದ ಕಾಲಿನವರೆಗೆ ಒಂದೇ ಚಿತ್ರ ತೆಗೆಯುವುದು ತಪಾಸಣೆಯೇ ಅಲ್ಲ. ಕಿರಣ ಓರೆಯಾಗಿ ಬಿದ್ದು ಅಂಚುಗಳು ಮಸುಕಾಗುತ್ತವೆ, ಹುಡುಕಬೇಕಾದ ಮುರಿತ ಇರುವುದು ಅಂಚಿನಲ್ಲೇ. ಬೇಕಾದದ್ದು ಸ್ಕೆಲಿಟಲ್ ಸರ್ವೆ. ತಲೆಬುರುಡೆ ಎದುರಿನಿಂದ ಮತ್ತು ಪಕ್ಕದಿಂದ, ಬೆನ್ನೆಲುಬು ಪಕ್ಕದಿಂದಲೂ, ಎದೆ ಎದುರಿನಿಂದ, ಪಕ್ಕದಿಂದ, ಜೊತೆಗೆ ಎಡ ಬಲ ಎರಡೂ ಓರೆ ಕೋನದಿಂದ, ಸೊಂಟ, ಆಮೇಲೆ ಪ್ರತಿ ತೋಳು, ಮುಂಗೈ, ಹಸ್ತ, ತೊಡೆ, ಕಣಕಾಲು, ಪಾದ ಬೇರೆ ಬೇರೆಯಾಗಿ. ಒಟ್ಟು ಇಪ್ಪತ್ತರ ಆಸುಪಾಸಿನ ಚಿತ್ರಗಳು. ಎದೆಯ ಓರೆ ಚಿತ್ರ ಬಿಟ್ಟರೆ ಹಿಂಭಾಗದ ಪಕ್ಕೆಲುಬು ಕೈತಪ್ಪುತ್ತದೆ. ‘ಇಷ್ಟು ಎಕ್ಸ್‌ರೇ ಮಗುವಿಗೆ ಒಳ್ಳೆಯದಲ್ಲ’ ಎಂಬ ಆತಂಕ ಸಹಜ. ಆದರೆ ಡಿಜಿಟಲ್ ಯಂತ್ರದಲ್ಲಿ ಸರಿಯಾಗಿ ತೆಗೆದರೆ ಒಟ್ಟು ವಿಕಿರಣ ಅಂದಾಜು 0.2 ಮಿಲಿ ಸೀವರ್ಟ್, ನಮಗೆಲ್ಲ ಕೆಲವು ವಾರಗಳಲ್ಲಿ ಪ್ರಕೃತಿಯಿಂದಲೇ ಬರುವಷ್ಟು.

ಮಗುವನ್ನು ಟೇಬಲ್ಲಿನ ಮೇಲೆ ಮಲಗಿಸುವ ಮುಂಚೆ ಉಡಿದಾರ, ಕರಿಮಣಿ ಬಳೆ, ಕಾಲ್ಗೆಜ್ಜೆ, ತಾಯಿತ, ಲಂಗೋಟಿಯ ಪಿನ್ನು ಎಲ್ಲ ತೆಗೆಯಿಸಬೇಕು. ಮಣಿಕಟ್ಟಿನ ಕರಿಮಣಿಯ ನೆರಳು ಸರಿಯಾಗಿ ಮೂಳೆಯ ತುದಿಯ ಮೇಲೆ ಬೀಳುತ್ತದೆ. ದೇವರ ಹರಕೆಯದ್ದು, ತೆಗೆಯುವುದಿಲ್ಲ ಎಂದರೆ ಅದನ್ನು ಮೊಣಕೈ ಕಡೆಗೆ ಸರಿಸಿ ಒಂದು ಚಿತ್ರ, ಕೆಳಕ್ಕೆ ಸರಿಸಿ ಇನ್ನೊಂದು ತೆಗೆದರಾಯಿತು. ಮಗುವನ್ನು ಹಿಡಿಯಲು ಸೀಸದ ಏಪ್ರನ್ ತೊಟ್ಟ ಇಬ್ಬರು ಬೇಕು. ಎಡ, ಬಲ ಗುರುತು ಪ್ರತಿ ಚಿತ್ರದಲ್ಲೂ ಇರಬೇಕು. ಚಿತ್ರಗಳನ್ನು ಸಿಡಿಯಲ್ಲಿ ಮೂಲ ಡಿಜಿಟಲ್ ರೂಪದಲ್ಲೇ ತಜ್ಞರಿಗೆ ಕಳಿಸಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಪ್‌ನಲ್ಲಿ ಕಳಿಸಿದರೆ ಕೂದಲೆಳೆಯ ಗೆರೆಗಳು ಅಳಿಸಿಹೋಗುತ್ತವೆ. ಅಂಥ ಫೋಟೊ ನೋಡಿ ಅಭಿಪ್ರಾಯ ಕೊಡುವ ವೈದ್ಯರೂ, ಕೇಳುವ ಅಧಿಕಾರಿಯೂ ಇಬ್ಬರೂ ತಪ್ಪು ಮಾಡುತ್ತಿದ್ದಾರೆ.

ಓದುವವರು ಎಡವುವ ಜಾಗಗಳೂ ಇವೆ. ಒಂದರಿಂದ ಸುಮಾರು ಆರು ತಿಂಗಳ ಮಕ್ಕಳಲ್ಲಿ ತೊಡೆ, ತೋಳು, ಕಣಕಾಲಿನ ಮೂಳೆಗಳ ಎರಡೂ ಬದಿಗೆ ಸಮವಾಗಿ, 2 ಮಿಲಿಮೀಟರಿಗಿಂತ ತೆಳುವಾಗಿ ಹೊಸ ಮೂಳೆಯ ಗೆರೆ ಕಾಣುವುದು ಸಹಜ ಬೆಳವಣಿಗೆ. ಅದು ಹಳೆಯ ಮುರಿತವಲ್ಲ. ತಲೆಬುರುಡೆಯ ಹೆಚ್ಚುವರಿ ಹೊಲಿಗೆಗೆರೆ ಬಿರುಕಿನಂತೆ ಕಾಣುತ್ತದೆ. ಬೆನ್ನಿನ, ಪೃಷ್ಠದ ನೀಲಿ ಹುಟ್ಟುಮಚ್ಚೆ ನಮ್ಮ ಮಕ್ಕಳಲ್ಲಿ ತೀರಾ ಸಾಮಾನ್ಯ, ಅದನ್ನು ಕಂದಿದ ಗಾಯವೆಂದು ಮಹಜರಿನಲ್ಲಿ ಬರೆಯುವುದುಂಟು. ಕಂದಿದ ಗಾಯದ ಬಣ್ಣ ಕೆಲವು ದಿನಗಳಲ್ಲಿ ಬದಲಾಗಿ ಮಾಯುತ್ತದೆ, ಹುಟ್ಟುಮಚ್ಚೆ ಹಾಗೇ ಇರುತ್ತದೆ. ವಾರ ಬಿಟ್ಟು ಇನ್ನೊಮ್ಮೆ ಫೋಟೊ ತೆಗೆದರೆ ಸಂಶಯ ಮುಗಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಐದು ತಿಂಗಳೊಳಗಿನ ಮಗುವಿನ ಕಿವಿ, ಕುತ್ತಿಗೆ, ಕೆನ್ನೆ, ಹೊಟ್ಟೆ ಎಲ್ಲಿಯೇ ಆಗಲಿ ನಿಜವಾಗಿ ಕಂದಿದ ಸಣ್ಣ ಕಲೆ ಇದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ರಕ್ತವನ್ನು ಒಂದೇ ಸಲ ಚುಚ್ಚಿ ತೆಗೆಯುವಂತೆ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ: ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನು, 25-ಹೈಡ್ರಾಕ್ಸಿ ವಿಟಮಿನ್ ಡಿ, ಕ್ರಿಯಾಟಿನಿನ್, ಪೂರ್ತಿ ರಕ್ತಕಣ ಲೆಕ್ಕ, ಯಕೃತ್ತಿನ ಕಿಣ್ವಗಳು. ಕಂದಿದ ಕಲೆಯಿದ್ದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ. ಯಕೃತ್ತಿನ ಕಿಣ್ವ 80 ಯೂನಿಟ್ ದಾಟಿದ್ದರೆ ಹೊಟ್ಟೆಯೊಳಗೆ ಪೆಟ್ಟಾಗಿದೆಯೇ ಎಂದು ಸಿಟಿ ಸ್ಕ್ಯಾನಿನಲ್ಲಿ ನೋಡಬೇಕಾಗುತ್ತದೆ. ಇನ್ನೆರಡು ಮಿಲಿಲೀಟರ್ ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೊಳವೆಯಲ್ಲಿ ವಂಶವಾಹಿ ಪರೀಕ್ಷೆಗೆಂದು ಎತ್ತಿಡಿ. ಪ್ರಯೋಗಾಲಯದ ವರದಿಯಲ್ಲಿ ‘ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಬಂದ ಆಲ್ಕಲೈನ್ ಫಾಸ್ಫಟೇಸನ್ನು ನೋಡಿ ಗಾಬರಿಯಾಗುವ ಮುನ್ನ ಅದರ ಪಕ್ಕದ ಮಿತಿ ದೊಡ್ಡವರದ್ದೋ ಮಕ್ಕಳದ್ದೋ ಎಂದು ಗಮನಿಸಿ. ಬೆಳೆಯುವ ಮಗುವಿಗೆ ಅದು ಸಹಜವಾಗಿಯೇ ದೊಡ್ಡವರಿಗಿಂತ ಹೆಚ್ಚು. ಮಗು ವರ್ಷದೊಳಗಿನದ್ದಾದ್ದರಿಂದ ತಲೆಯ ಸ್ಕ್ಯಾನ್ ಬೇಕು. ಅದರಲ್ಲಿ ರಕ್ತಸ್ರಾವ ಕಂಡರೆ ಪಾಪೆ ಹಿಗ್ಗಿಸಿ ಕಣ್ಣಿನ ತಜ್ಞರಿಂದ ಅಕ್ಷಿಪಟಲದ ಪರೀಕ್ಷೆ.

ವಿಟಮಿನ್ ಡಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಕರಾವಳಿಯಲ್ಲಿ ಎರಡೂ ಕಡೆಯ ವಕೀಲರು ಹಿಡಿಯುವುದು ಇದನ್ನೇ. ಬಾಣಂತಿ ಕೋಣೆಯಲ್ಲೇ ಕಳೆಯುವ ನಲವತ್ತು ದಿನ, ನಾಲ್ಕು ತಿಂಗಳ ಮಳೆ, ಗರ್ಭಿಣಿಯಾಗಿದ್ದಾಗಲೇ ಕೊರತೆಯಿದ್ದ ತಾಯಿ, ಬರೀ ಎದೆಹಾಲು, ಹನಿ ಹಾಕದಿರುವುದು ಇವೆಲ್ಲ ಸೇರಿದರೆ ಮಗುವಿನ ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 12 ನ್ಯಾನೊಗ್ರಾಂಗಿಂತ ಕೆಳಗಿರುವುದು ಆಶ್ಚರ್ಯವಲ್ಲ. ಆದರೆ ಆ ಒಂದು ಸಂಖ್ಯೆ ಮುರಿತಕ್ಕೆ ಕಾರಣವಾಗುವುದಿಲ್ಲ. ಮೂಳೆ ದುರ್ಬಲವಾಗಿದೆ ಎನ್ನಲು ರಿಕೆಟ್ಸ್, ಅಂದರೆ ಎಳೆಯ ಮೂಳೆ ಮೆತ್ತಗಾಗುವ ರೋಗ ಇರಬೇಕು. ಅದು ಇದ್ದರೆ ಮಣಿಕಟ್ಟು, ಮಂಡಿಯ ಎಕ್ಸ್‌ರೇಯಲ್ಲಿ ಮೂಳೆಯ ತುದಿ ಅಗಲವಾಗಿ, ಬಟ್ಟಲಿನಂತೆ ಒಳಸರಿದು, ಅಂಚು ನೂಲು ಬಿಟ್ಟಂತೆ ಕಾಣುತ್ತದೆ. ಪ್ಯಾರಾಥೈರಾಯ್ಡ್ ಏರಿರುತ್ತದೆ, ರಂಜಕ ಇಳಿದಿರುತ್ತದೆ. ಇದ್ಯಾವುದೂ ಇಲ್ಲದೆ ಬರೀ ಕಡಿಮೆ ವಿಟಮಿನ್ ಡಿ ತೋರಿಸಿ ಐದು ಪಕ್ಕೆಲುಬಿನ ಮುರಿತಕ್ಕೆ ಸಮಜಾಯಿಷಿ ಕೊಟ್ಟರೆ ಒಪ್ಪಬೇಡಿ. ಹಾಗೆಯೇ ರಿಕೆಟ್ಸಿನ ಲಕ್ಷಣ ಸ್ಪಷ್ಟವಾಗಿರುವಾಗ ವಿಟಮಿನ್ ಡಿ ಪರೀಕ್ಷೆ ಮಾಡಿಸದೆ ಆರೋಪಪಟ್ಟಿ ಬರೆಯಬೇಡಿ. ಹುಟ್ಟಿದ ಪ್ರತಿ ಮಗುವಿಗೆ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಕೊಟ್ಟರೆ ಈ ಚರ್ಚೆಯೇ ಇರದು. ಮಣ್ಣಿ ಶುರುಮಾಡಿದ ಮೇಲೆ ರಾಗಿಯಿಂದ ಕ್ಯಾಲ್ಸಿಯಂ ಸಿಗುತ್ತದೆ, ವಿಟಮಿನ್ ಡಿ ಸಿಗುವುದಿಲ್ಲ.

ಹುಟ್ಟಿನಿಂದ ಬಂದ ಮೂಳೆ ದೌರ್ಬಲ್ಯ, ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ, ಸುಮಾರು 15ರಿಂದ 20 ಸಾವಿರಕ್ಕೆ ಒಬ್ಬರಲ್ಲಿ ಕಾಣುತ್ತದೆ. ಬಿಳಿಗುಡ್ಡೆ ನೀಲಿ ಛಾಯೆಯಲ್ಲಿದೆಯೇ ಎಂದು ಎಲ್ಲರೂ ಮೊದಲು ನೋಡುತ್ತಾರೆ. ಎಳೆಮಕ್ಕಳಲ್ಲಿ ತುಸು ನೀಲಿ ಸಹಜ, ಈ ರೋಗದ ಕೆಲವು ವಿಧಗಳಲ್ಲಿ ಬಿಳಿಗುಡ್ಡೆ ಬಿಳಿಯಾಗಿಯೇ ಇರುತ್ತದೆ. ತಲೆಬುರುಡೆಯ ಹೊಲಿಗೆಗಳ ನಡುವೆ ಸಣ್ಣ ಮೂಳೆ ಬಿಲ್ಲೆಗಳು ಹತ್ತಕ್ಕಿಂತ ಹೆಚ್ಚಿದ್ದರೆ ಅದು ಗಟ್ಟಿ ಸುಳಿವು. ಮನೆಯಲ್ಲಿ ಪದೇ ಪದೇ ಮೂಳೆ ಮುರಿದವರು, ಸಣ್ಣ ಪ್ರಾಯಕ್ಕೇ ಕಿವಿ ಮಂದವಾದವರು, ಹಲ್ಲು ಕಂದುಬಣ್ಣಕ್ಕೆ ತಿರುಗಿ ಸವೆದವರು ಇದ್ದಾರೆಯೇ ಎಂದು ಎರಡೂ ಕಡೆಯ ಮೂರು ತಲೆಮಾರು ಕೇಳಬೇಕು. ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ, ಸೋದರಮಾವ ಅಥವಾ ಅತ್ತೆಮಗನ ಜೊತೆಗಿನ ಮದುವೆಯಾಗಿದ್ದರೆ, ಮನೆಯಲ್ಲಿ ಯಾರಿಗೂ ಇಲ್ಲದೆಯೂ ಮಗುವಿಗೆ ಬರಬಹುದು. ಆಗ ಪರೀಕ್ಷೆ ಕಾಲಜನ್‌ನ (ಮೂಳೆಗೆ ಬಲ ಕೊಡುವ ಪ್ರೋಟೀನು) ಎರಡು ವಂಶವಾಹಿಗಳಿಗೆ ನಿಲ್ಲದೆ ಈ ರೋಗದ ವಂಶವಾಹಿಗಳ ಪೂರ್ತಿ ಪಟ್ಟಿಗೆ ಆಗಬೇಕು. ವರದಿಗೆ ವಾರಗಳು ಹಿಡಿಯುತ್ತವೆ. ಇನ್ನೊಂದು ಮಾತು: ಈ ರೋಗವಿರುವ ಮಗುವನ್ನೂ ಹೊಡೆಯುವವರು ಇರುತ್ತಾರೆ. ವರದಿ ಬಂತೆಂದು ಮಿಕ್ಕ ವಿಚಾರಣೆ ಕೈಬಿಡುವಂತಿಲ್ಲ.

ತಿಂಗಳು ತುಂಬದೆ ಹುಟ್ಟಿ, 1500 ಗ್ರಾಂಗಿಂತ ಕಡಿಮೆ ತೂಕವಿದ್ದು, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ವಾರಗಟ್ಟಲೆ ರಕ್ತನಾಳದ ಮೂಲಕ ಆಹಾರ ಪಡೆದ ಮಕ್ಕಳ ಮೂಳೆ ಮೊದಲ ಆರು ತಿಂಗಳು ನಾಜೂಕು. ಡಿಸ್ಚಾರ್ಜ್ ಚೀಟಿ ತರಿಸದೆ ಇದು ತಿಳಿಯುವುದಿಲ್ಲ. ಹುಟ್ಟಿನ ಸಿಫಿಲಿಸ್, ಮೂಳೆಯ ಸೋಂಕು, ತಾಮ್ರದ ಕೊರತೆ, ಲ್ಯುಕೇಮಿಯ ಇವುಗಳನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಾಯಿ ಕಾರ್ಡಿನಲ್ಲಿ ಸಿಫಿಲಿಸ್ ಪರೀಕ್ಷೆಯ ಸಾಲು ಇದೆ, ಒಮ್ಮೆ ತೆರೆದು ನೋಡಿ.

ಎಣ್ಣೆ ಹಚ್ಚಿ ಮೀಯಿಸುವುದನ್ನು ನೇರವಾಗಿ ಅಪರಾಧಿಯನ್ನಾಗಿ ಮಾಡಬೇಡಿ. ಕಾಲು ಚಾಚಿ ಕೂತು, ಕಣಕಾಲ ಮೇಲೆ ಮಗುವನ್ನು ಮಲಗಿಸಿ, ಅಂಗೈಯಲ್ಲಿ ತಿಕ್ಕಿ ನೀರು ಹೊಯ್ದರೆ ಆರೋಗ್ಯವಂತ ಮೂಳೆ ಮುರಿಯುವುದಿಲ್ಲ. ಕಾಲಿನ ಹರಡು ಹಿಡಿದು ತಲೆಕೆಳಗಾಗಿ ತೂಗಿಸುವುದು, ಕೈಗಳನ್ನು ಅಡ್ಡಡ್ಡ ಜಗ್ಗುವುದು, ಎದೆಯನ್ನು ಎರಡು ಬದಿಯಿಂದ ಒತ್ತುವುದು ಬೇರೆ ಮಾತು. ಮೂಳೆಯ ತುದಿ ಕಿತ್ತು ಬರಲು ಬೇಕಾದ ಬಲ ಅಂಥದ್ದರಲ್ಲಿ ಇದೆ. ಮೀಯಿಸುವವರ ಕೈಗೆ ಒಂದು ಬಟ್ಟೆಗೊಂಬೆ ಕೊಟ್ಟು ದಿನವೂ ಮಾಡುವಂತೆ ಮಾಡಿ ತೋರಿಸಲು ಹೇಳಿ, ವಿಡಿಯೊ ಮಾಡಿ ತಜ್ಞರಿಗೆ ಕಳಿಸಿ. ಮಾತಿನ ಹೇಳಿಕೆಗಿಂತ ಇದು ಹತ್ತು ಪಾಲು ಉಪಯುಕ್ತ.

ಮುರಿತ ಎಷ್ಟು ಹಳೆಯದು ಎಂಬುದಕ್ಕೆ ಉತ್ತರ ದಿನಾಂಕವಲ್ಲ, ಒಂದು ಅವಧಿ. ಮೂಳೆಯ ಪೊರೆಯಡಿ ಹೊಸ ಮೂಳೆಯ ಗೆರೆ ನಾಲ್ಕನೇ ದಿನಕ್ಕೆ ಮೊದಲು ಕಾಣುವುದು ಅಪರೂಪ, ಸಾಮಾನ್ಯವಾಗಿ 7ರಿಂದ 14 ದಿನ. ಮೃದು ಕ್ಯಾಲಸ್ 10ರಿಂದ 21 ದಿನ. ಅದು ಗಟ್ಟಿಯಾಗಿ ಮುರಿತದ ಗೆರೆ ಮುಚ್ಚುವುದು ಆಮೇಲಿನ ವಾರಗಳಲ್ಲಿ, ಮೂಳೆ ಮೊದಲಿನ ಆಕಾರಕ್ಕೆ ಬರುವುದು ತಿಂಗಳುಗಳಲ್ಲಿ. ತಲೆಬುರುಡೆಯ ಬಿರುಕು ಹೀಗೆ ಕೂಡುವುದಿಲ್ಲವಾದ್ದರಿಂದ ಎಕ್ಸ್‌ರೇ ನೋಡಿ ಅದರ ವಯಸ್ಸು ಹೇಳಲಾಗದು. ಹೇಳಿದ್ದರೆ ಆ ವರದಿಯನ್ನು ಪ್ರಶ್ನಿಸಿ. ಹೆರಿಗೆಯಲ್ಲಿ ಕಾಲರ್ ಬೋನ್ ಮುರಿಯುವುದು ಅಪರೂಪವಲ್ಲ. ಹುಟ್ಟಿ ಹನ್ನೊಂದು ದಿನ ದಾಟಿದ ಮೇಲೂ ಅಲ್ಲಿ ಕ್ಯಾಲಸ್‌ನ ಸುಳಿವೇ ಇಲ್ಲದಿದ್ದರೆ ಅದು ಹೆರಿಗೆಯ ಮುರಿತ ಆಗಿರಲಾರದು.

ಈ ಅವಧಿ ಗೊತ್ತಾದ ಮೇಲೆ ಪೊಲೀಸರು ಮಾಡಬೇಕಾದದ್ದು, ಆ ದಿನಗಳಲ್ಲಿ ಮಗುವನ್ನು ಒಬ್ಬೊಬ್ಬರಾಗಿ ಯಾರು ಯಾರು ನೋಡಿಕೊಂಡರು ಎಂಬ ಪಟ್ಟಿ. ನಮ್ಮ ಮನೆಗಳಲ್ಲಿ ಮಗು ಎಷ್ಟೋ ಕೈ ದಾಟುತ್ತದೆ. ಹೇಳಿಕೆ ತೆಗೆಯುವಾಗ ಎಲ್ಲಿಂದ, ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ, ಯಾವ ಭಂಗಿಯಲ್ಲಿ ಬಿತ್ತು ಎಂದು ಕೇಳಿ. ಮಗು ಈಗ ಮುರಿದಿರುವ ಕಾಲನ್ನು ಚೆನ್ನಾಗಿ ಆಡಿಸಿದ್ದನ್ನು ಕೊನೆಗೆ ನೋಡಿದವರು ಯಾರು, ಯಾವಾಗ. ಎತ್ತಿದಾಗ ಅಳುವುದೇ, ಅಂಗಿಯ ತೋಳು ಹಾಕುವಾಗ ಅಳುವುದೇ ಎಂದು ಪ್ರತ್ಯೇಕವಾಗಿ ಕೇಳಿ. ತುಳು, ಕೊಂಕಣಿ, ಬ್ಯಾರಿ, ಒಡಿಯಾ, ಹಿಂದಿ ಮಾತಾಡುವವರಿಗೆ ಮನೆಯವರನ್ನೇ ದುಭಾಷಿಯಾಗಿ ಕೂರಿಸಬೇಡಿ. ಆಸ್ಪತ್ರೆಗೆ ತಡವಾಗಿ ತಂದರು ಎಂಬುದನ್ನು ಅಪರಾಧದ ಗುರುತೆಂದು ಬರೆಯುವ ಮೊದಲು ಎಲುಬು ಕಟ್ಟುವವರ ಹತ್ತಿರ ಹೋಗಿದ್ದರೇ ಎಂದು ವಿಚಾರಿಸಿ. ಎಷ್ಟೋ ಕಡೆ ಮೊದಲ ಮೂರು ದಿನ ಕಳೆಯುವುದು ಅಲ್ಲೇ. 6, 10, 14ನೇ ವಾರದ ಲಸಿಕೆಯಾದ ಮೇಲೆ ‘ಇಂಜೆಕ್ಷನ್ ನೋವು, ಕಾಲು ಆಡಿಸುತ್ತಿಲ್ಲ’ ಎಂದು ಸುಮ್ಮನಿರುವುದೂ ಇದೆ. ಲಸಿಕೆಯ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೂರನೇ ದಿನವೂ ಕಾಲು ಆಡಿಸದಿದ್ದರೆ ಎಕ್ಸ್‌ರೇ ಬೇಕು ಎಂದು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಿ. ಹೆರಿಗೆಯ ನಂತರ 3, 7, 14, 21, 28, 42ನೇ ದಿನ ಮನೆಗೆ ಹೋಗುವವರು ಅವರೇ. ಮಗುವಿನ ಬಟ್ಟೆ ಬಿಚ್ಚಿ ನೋಡುವ ಸರ್ಕಾರದ ಕಣ್ಣು ಅದೊಂದೇ.

ಈಗ ನಿಮ್ಮಿಂದ ಆಗಬೇಕಾದದ್ದು. ವರ್ಷದೊಳಗಿನ ಮಗುವಿನ ಯಾವುದೇ ಮುರಿತಕ್ಕೆ ಸರ್ಕಾರಿ, ಖಾಸಗಿ ಆಸ್ಪತ್ರೆ ಎನ್ನದೆ ಒಂದೇ ಕ್ರಮ ಎಂದು ಎರಡೂ ಜಿಲ್ಲೆಗಳಲ್ಲಿ ಲಿಖಿತ ಸುತ್ತೋಲೆ ಬರಲಿ. ಕುಟುಂಬದ ಜಾತಿ, ಹಣ, ವಾಹನ ನೋಡಿ ಯಾರನ್ನು ಸಂಶಯಿಸಬೇಕು ಎಂದು ನಿರ್ಧರಿಸುವ ಅಭ್ಯಾಸಕ್ಕೆ ಇದೊಂದೇ ಮದ್ದು. ಸುಳ್ಯ, ಬೆಳ್ತಂಗಡಿ, ಕುಂದಾಪುರ, ಕಾರ್ಕಳದ ತಾಲೂಕು ಆಸ್ಪತ್ರೆಗಳಲ್ಲಿ ಪೂರ್ತಿ ಸರ್ವೆ ಕಷ್ಟವಾದರೆ ಅರ್ಧಂಬರ್ಧ ತೆಗೆಯದೆ ಮುರಿದ ಜಾಗಕ್ಕೆ ಆಸರೆ ಕೊಟ್ಟು ಮಂಗಳೂರಿಗೋ ಉಡುಪಿ, ಮಣಿಪಾಲಕ್ಕೋ ಕಳಿಸಲಿ. ಮಕ್ಕಳ ತಜ್ಞರು, ಕ್ಷಕಿರಣ ತಜ್ಞರು, ಎಲುಬು ತಜ್ಞರು, ವಿಧಿವಿಜ್ಞಾನ ವೈದ್ಯರು ಒಟ್ಟಿಗೆ ಕೂತು ಒಂದೇ ಅಭಿಪ್ರಾಯ ಬರೆಯಲಿ. ‘ಹೌದು’, ‘ಅಲ್ಲ’ ಎರಡೇ ಆಯ್ಕೆಯ ನಮೂನೆ ಬಿಟ್ಟು, ಹೇಳಿದ ಕಥೆಗೆ ಹೊಂದುತ್ತದೆ, ಹೊಂದುವುದಿಲ್ಲ, ಇನ್ನೂ ಹೇಳಲಾಗದು ಎಂಬ ಮೂರು ಆಯ್ಕೆ ಇರಲಿ. ಮೊದಲ ದಿನವೇ ‘ಕೊನೆಯ ಅಭಿಪ್ರಾಯ ಕೊಡಿ’ ಎಂದು ಠಾಣೆಯಿಂದ ಪತ್ರ ಬರುವುದು ನಿಲ್ಲಲಿ.

ಹದಿನಾಲ್ಕನೇ ದಿನದ ಮರು ಎಕ್ಸ್‌ರೇಗೆ ಕುಟುಂಬಗಳು ಬರುವುದೇ ಇಲ್ಲ ಎಂಬ ದೂರು ಇದೆ. ಬಸ್ಸಿನ ಹಣ, ಒಂದು ದಿನದ ಕೂಲಿ, ಮತ್ತೆ ಪೊಲೀಸರು ಕಾಣಸಿಕ್ಕಿಯಾರು ಎಂಬ ಭಯ ಇಷ್ಟೂ ಸೇರಿದರೆ ಯಾರು ಬಂದಾರು? ಅದನ್ನು ಉಚಿತ ಮಾಡಿ, ವಾಹನ ಕಳಿಸಿ, ದಿನಾಂಕವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಲ್ಲೇ ಬರೆಯಿರಿ. ತಲೆಬುರುಡೆಯ ಚಿತ್ರವನ್ನು ಎರಡನೇ ಸಲ ತೆಗೆಯಬೇಕಾಗಿಲ್ಲ, ಉಳಿದದ್ದೆಲ್ಲ ಬೇಕು. ಮೊದಲ ಸಲ ಸಂಶಯವಾಗಿದ್ದ ಗೆರೆ ಮುರಿತವೋ ಅಲ್ಲವೋ ಎಂದು ಆ ದಿನ ಖಚಿತವಾಗುತ್ತದೆ, ಕಾಣದಿದ್ದ ಪಕ್ಕೆಲುಬು ಕಾಣುತ್ತದೆ. ಎಷ್ಟೋ ಸಲ ಅಮಾಯಕರು ಬಿಡುಗಡೆಯಾಗುವುದೂ ಆ ಚಿತ್ರದಿಂದಲೇ.

ಈ ಎರಡು ವಾರ ಮಗು ಎಲ್ಲಿರಬೇಕು? ಬಾಲನ್ಯಾಯ ಕಾಯ್ದೆ 2015ರ ಅಡಿ ಅದನ್ನು ತೀರ್ಮಾನಿಸುವ ಅಧಿಕಾರ ಸಮಿತಿಗಿದೆ. ಎದೆಹಾಲು ಕುಡಿಯುವ ಮಗುವಾದರೆ ತಾಯಿಯನ್ನೂ ಮಗುವನ್ನೂ ವಾರ್ಡಿನಲ್ಲೇ, ದಾದಿಯ ಕಣ್ಣೆದುರಿಗೆ ಇರಿಸಿಕೊಳ್ಳುವುದು ಮೊದಲ ಆಯ್ಕೆಯಾಗಲಿ. ಆಗದಿದ್ದರೆ, ಮಗುವನ್ನು ನೋಡಿಕೊಂಡವರ ಪಟ್ಟಿಯಲ್ಲಿಲ್ಲದ ಹತ್ತಿರದ ನೆಂಟರ ಮನೆ; ಸಂಸ್ಥೆಗೆ ಕಳಿಸುವುದು ಕಟ್ಟಕಡೆಗೆ. ಅದೇ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತಂದೆಯ ಹೆಸರು, ಮನೆಯ ಫೋಟೊ, ಊರಿನ ಹೆಸರು ಹಾಕಿ ಮಗುವಿನ ಮುಖ ಮಾತ್ರ ಮಸುಕು ಮಾಡಿದರೆ ಕಾನೂನು ಪಾಲಿಸಿದ ಹಾಗಾಗುವುದಿಲ್ಲ. ಇದನ್ನು ಪತ್ರಕರ್ತ ಮಿತ್ರರೂ ವಾಟ್ಸಪ್ ಗುಂಪುಗಳವರೂ ಗಮನಿಸಬೇಕು. ಸಂಶಯ ಬಂದವರು ಫೋಟೊ ಹಂಚುವ ಬದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ.

ಮಗು ತೀರಿಕೊಂಡಿದ್ದರೆ ಶವಪರೀಕ್ಷೆಗೆ ಮೊದಲೇ ಈ ಪೂರ್ತಿ ಎಕ್ಸ್‌ರೇ ತೆಗೆಸಿ. ಆಮೇಲೆ ತೆಗೆಯಲು ಏನೂ ಉಳಿಯುವುದಿಲ್ಲ. ಅದೇ ಮನೆಯಲ್ಲಿ ಎರಡು ವರ್ಷದೊಳಗಿನ ಇನ್ನೊಂದು ಮಗು, ಅದರಲ್ಲೂ ಅವಳಿ ಇದ್ದರೆ ಅದನ್ನೂ ಅದೇ ದಿನ ಆಸ್ಪತ್ರೆಗೆ ತರಿಸಿ ಪರೀಕ್ಷಿಸಿ.

ಇತಿ,
ಮಂಗಳೂರು ಮತ್ತು ಉಡುಪಿಯ ಕೆಲವು ಮಕ್ಕಳ ತಜ್ಞರು, ಕ್ಷಕಿರಣ ತಜ್ಞರು ಮತ್ತು ಎಲುಬು ತಜ್ಞರು